ಆಟದ ಮಣೆಯ ಮುಂದೆ ಕುಳಿತ ಅರಸರು

ಮೈಸೂರಿನ ಅರಸರ ಮಾತು ಬಂದಾಗ ನಮ್ಮ ಜನರ ನಾಲಗೆಗೆ ಮೊದಲು ಬರುವುದು ನಾಲ್ವಡಿಯವರ ಹೆಸರು. ಕನ್ನಂಬಾಡಿಯ ಕಟ್ಟೆ, ವಿಶ್ವವಿದ್ಯಾನಿಲಯ, ಕಾರ್ಖಾನೆಗಳು, ಇಷ್ಟನ್ನೆಲ್ಲ ಕಣ್ಣೆದುರಿಗೆ ನಿಲ್ಲಿಸಿ ಹೋದವರನ್ನು ಮರೆಯುವುದಾದರೂ ಹೇಗೆ? ಅವರ ಅಜ್ಜಂದಿರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆ ಭಾಗ್ಯವಿಲ್ಲ. ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಅವರು ರಾಜ್ಯವನ್ನು ಕಳೆದುಕೊಂಡ ಅರಸರು; ಒಂದೆರಡು ಸಾಲಿನಲ್ಲಿ ಅವರ ಕಥೆ ಮುಗಿದುಹೋಗುತ್ತದೆ. ನನಗೆ ಮಾತ್ರ ಅವರ ಪರಿಚಯವಾದದ್ದು ಬೇರೊಂದು ದಾರಿಯಿಂದ. ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ಚೌಕಾಬಾರ, ಪಗಡೆ, ಹುಲಿ-ಕುರಿಗಳ ಹುಟ್ಟೇನು, ಅವುಗಳ ಗತಿಯೇನಾಯಿತು ಎಂದು ಹುಡುಕುತ್ತ ಹೊರಟವನಿಗೆ ಎದುರಾದವರು ಈ ದೊರೆಗಳು. ಕನ್ನಡನಾಡಿನ ಅರಸರಲ್ಲಿ ಆಟಗಳನ್ನು ಇವರಷ್ಟು ಗಂಭೀರವಾಗಿ ತೆಗೆದುಕೊಂಡವರು ಇನ್ನೊಬ್ಬರಿರಲಾರರು.

ಅವರು ಹುಟ್ಟಿದ್ದು 1794ನೆಯ ಇಸವಿ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. ಅದಕ್ಕೆ ಹಿಂದೆ ಒಡೆಯರ ಮನೆತನದವರೊಬ್ಬರನ್ನು ಹೆಸರಿಗಾದರೂ ಪಟ್ಟದಲ್ಲಿ ಕೂರಿಸುವ ವಾಡಿಕೆಯಿತ್ತು. 1796ರ ತರುವಾಯ ಟೀಪೂ ಸುಲ್ತಾನನು ಅದನ್ನೂ ಕೈಬಿಟ್ಟನು. ರಾಜಮನೆತನವು ಪಟ್ಟಣದಲ್ಲಿ ಬಡವರಂತೆ ದಿನ ನೂಕುತ್ತಿತ್ತು. 1799ರ ಮೇ 4ರಂದು ಕೋಟೆ ಬಿದ್ದು ಸುಲ್ತಾನನು ಮಡಿದ ಮೇಲೆ ಇಂಗ್ಲಿಷರು ಈ ಬಾಲಕನನ್ನು ಹುಡುಕಿಕೊಂಡು ಬಂದರು. ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕ. ಹಳೆಯ ಕೋಟೆಯೂ ಅರಮನೆಯೂ ಆಗ ನೆಲಸಮವಾಗಿದ್ದುದರಿಂದ ಚಪ್ಪರ ಹಾಕಿ ಕಾರ್ಯವನ್ನು ನೆರವೇರಿಸಬೇಕಾಯಿತು. ಹುಡುಗನಿಗೆ ಐದು ವರ್ಷ ತುಂಬಲು ಇನ್ನೂ ಹದಿನಾಲ್ಕು ದಿನ ಉಳಿದಿತ್ತು.

ಆ ದಿನ ಬಾಲಕನು ತೋರಿದ ಗಾಂಭೀರ್ಯವನ್ನು ಕಂಪನಿಯ ಅಧಿಕಾರಿಗಳು ಮೆಚ್ಚಿ ಬರೆದಿದ್ದಾರೆ. ನನಗೆ ಆ ಮೆಚ್ಚುಗೆಯನ್ನು ಓದಿದಾಗಲೆಲ್ಲ ಸ್ವಲ್ಪ ಸಂಕಟವೇ ಆಗುತ್ತದೆ. ಐದು ವರ್ಷದ ಹುಡುಗ ಅಲುಗಾಡದೆ ಕುಳಿತಿರುವುದು ಪ್ರಶಂಸೆಗೆ ಯೋಗ್ಯವಾದ ಸಂಗತಿಯೇ? ನಮ್ಮ ಮನೆಗಳಲ್ಲಿ ಆ ವಯಸ್ಸಿನ ಮಗು ಬುಗುರಿಗೆ ಹುರಿ ಸುತ್ತುವುದನ್ನು ಆಗತಾನೆ ಕಲಿಯುತ್ತಿರುತ್ತದೆ. ಸಿಂಹಾಸನದ ಮೇಲಿದ್ದ ಆ ಕೂಸಿನ ಪರವಾಗಿ ಆಡಳಿತದ ಕಾಯಿಗಳನ್ನು ನಡೆಸುತ್ತಿದ್ದವರು ದಿವಾನ್ ಪೂರ್ಣಯ್ಯನವರು. ಅವರ ಬೆನ್ನ ಹಿಂದೆ ಕಂಪನಿ ಸರ್ಕಾರ. ಅಂತಃಪುರದಲ್ಲಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ದಸರೆಯ ಒಡ್ಡೋಲಗ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂದು ನೆಲೆಸಿದ್ದು ಈ ಬಾಲ್ಯದಲ್ಲಿಯೇ. ಅಂದರೆ ಊರ ಮಕ್ಕಳೆಲ್ಲ ಬಾಯಿ ತೆರೆದು ನೋಡಿದ ಆ ಸಂಭ್ರಮದಲ್ಲಿ ನೋಡುವ ಸುಖವಿಲ್ಲದೆ ನೋಟವೇ ಆಗಿ ಕುಳಿತಿದ್ದ ಹುಡುಗನೆಂದರೆ ಇವರೊಬ್ಬರೇ.

1811ರಲ್ಲಿ ಪೂರ್ಣಯ್ಯನವರು ಅಧಿಕಾರವನ್ನು ಒಪ್ಪಿಸಿ ನಿವೃತ್ತರಾದರು. ಅಲ್ಲಿಂದ ಇಪ್ಪತ್ತು ವರ್ಷಗಳ ಆಳಿಕೆಯನ್ನು ಇಲ್ಲಿ ವಿಸ್ತರಿಸಿ ಹೇಳುವ ಅಗತ್ಯವಿಲ್ಲ. ಧಾರಾಳಿಗಳಾದ ದೊರೆ, ಬತ್ತಿಹೋದ ಬೊಕ್ಕಸ, ಸಾಲ, ಕಂದಾಯದ ಹೊರೆ, ಕಡೆಗೆ 1830-31ರ ನಗರದ ದಂಗೆ. ಇದನ್ನೇ ಕಾರಣವಾಗಿಟ್ಟುಕೊಂಡು ಗವರ್ನರ್-ಜನರಲ್ ಬೆಂಟಿಂಕನು 1831ರ ಅಕ್ಟೋಬರಿನಲ್ಲಿ ಆಡಳಿತವನ್ನು ಕಸಿದುಕೊಂಡನು. ತಪ್ಪೆಲ್ಲ ಅರಸರದೇ ಎಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅವರದು ಏನೂ ಇಲ್ಲವೆನ್ನುವ ಅಭಿಮಾನಿಗಳ ಮಾತನ್ನೂ ಒಪ್ಪಲಾರೆ. ಅದಿರಲಿ. ಮೂವತ್ತೇಳನೆಯ ವಯಸ್ಸಿನಲ್ಲಿ ಅರಸರು ಅರಮನೆಯಲ್ಲಿಯೇ ಉಳಿದರು, ಸಿಂಹಾಸನವೂ ಬಿರುದುಗಳೂ ಉಳಿದವು. ಅಪ್ಪಣೆ ಮಾತ್ರ ಬೆಂಗಳೂರಿನ ಕಮೀಷನರ ಕೈಗೆ ಹೋಯಿತು. ಚದುರಂಗದ ಮಣೆಯ ಮೇಲೆ ರಾಜನೊಬ್ಬನನ್ನೇ ಬಿಟ್ಟು ಮಿಕ್ಕ ಕಾಯಿಗಳನ್ನೆಲ್ಲ ಎತ್ತಿಟ್ಟ ಹಾಗೆ. ಈ ಸ್ಥಿತಿಯಲ್ಲಿ ಅವರು ಬದುಕಿದ್ದು ಮೂವತ್ತಾರು ವರ್ಷಕ್ಕೂ ಹೆಚ್ಚು ಕಾಲ.

ಇಂತಹ ಬಿಡುವು ದೊರೆತ ರಾಜರು ಏನು ಮಾಡಬಹುದೆಂಬುದಕ್ಕೆ ಇತಿಹಾಸದಲ್ಲಿ ಬೇಕಾದಷ್ಟು ನಿದರ್ಶನಗಳಿವೆ, ಅವು ಹೇಳಿಕೊಳ್ಳುವಂಥವಲ್ಲ. ಮುಮ್ಮಡಿಯವರು ಪಂಡಿತರನ್ನೂ ಚಿತ್ರಗಾರರನ್ನೂ ವೈಣಿಕರನ್ನೂ ಸುತ್ತ ಸೇರಿಸಿಕೊಂಡರು. 1833ರಲ್ಲಿ ಮೈಸೂರಿನಲ್ಲಿ ಅವರು ತೆರೆಸಿದ ಉಚಿತ ಇಂಗ್ಲಿಷ್ ಶಾಲೆಯೇ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. ಅವರ ಹೆಸರಿನಲ್ಲಿ ಸಿದ್ಧವಾದ ಗ್ರಂಥಗಳಲ್ಲಿ ಮುಖ್ಯವಾದದ್ದು ‘ಶ್ರೀತತ್ತ್ವನಿಧಿ’. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ಎಂಬ ಎಂಟು ನಿಧಿಗಳಾದ ಮೇಲೆ ಒಂಬತ್ತನೆಯದು ಕೌತುಕನಿಧಿ. ದೇವತೆಗಳ ಧ್ಯಾನಶ್ಲೋಕಗಳೂ ಚಿತ್ರಗಳೂ ತುಂಬಿದ ಆ ಮಹಾಗ್ರಂಥದ ಕೊನೆಯಲ್ಲಿ ಆಟಗಳಿಗೂ ಒಂದು ಪೀಠವನ್ನು ಹಾಕಿಕೊಟ್ಟಿದ್ದಾರೆ. (ಇದೇ ಗ್ರಂಥದಲ್ಲಿರುವ 122 ಯೋಗಾಸನಗಳ ಚಿತ್ರಗಳನ್ನು ಇಂದು ಹೊರದೇಶದ ವಿದ್ವಾಂಸರು ಬಹಳವಾಗಿ ಚರ್ಚಿಸುತ್ತಾರೆ, ಆಟದ ಪುಟಗಳ ಕಡೆ ತಿರುಗಿ ನೋಡಿದವರು ಕಡಮೆ.)

ಆ ಪುಟಗಳಲ್ಲಿ ಹೆಚ್ಚಿನ ಬೆರಗು ಹುಟ್ಟಿಸುವುದು ಗಂಜೀಫ. ಇದು ದುಂಡನೆಯ ಎಲೆಗಳ ಆಟ. ಪಾರಸೀಕರ ನಾಡಿನಿಂದ ಬಂದ ಹೆಸರು. ಬಾಬರನು 1527ರಲ್ಲಿ ಸಿಂಧ್ ಪ್ರಾಂತದ ಗೆಳೆಯನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ನಮ್ಮ ದೇಶಕ್ಕೆ ಬಂದ ಮೇಲೆ ಅದು ದಶಾವತಾರವನ್ನು ತಾಳಿತು. ಮತ್ಸ್ಯ, ಕೂರ್ಮ ಮೊದಲಾಗಿ ಹತ್ತು ಬಣ್ಣಗಳು, ಒಂದೊಂದಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು 120. ಹಗಲಿನಲ್ಲಿ ಆಟ ಕೂಡಿದರೆ ರಾಮನದು ಮುಂದಾಳುತನ, ರಾತ್ರಿಯಾದರೆ ಕೃಷ್ಣನದು. ಮಾಮೂಲು ಆಟಗಾರನಿಗೆ ಇಷ್ಟೇ ಸಾಕುಬೇಕಾಗುತ್ತದೆ. ಮುಮ್ಮಡಿಯವರಿಗೆ ಸಾಲಲಿಲ್ಲ. ಅವರು ‘ಛದ’ ಎಂಬ ಹೆಸರಿನಲ್ಲಿ (ಛದವೆಂದರೆ ಎಲೆ) ಹೊಸ ಹೊಸ ಆಟಗಳನ್ನು ಕಟ್ಟಿದರು. ಹದಿನೆಂಟು ಬಣ್ಣಗಳವರೆಗೆ ಏರಿಸಿದರು. ಬಣ್ಣವೊಂದಕ್ಕೆ ಹನ್ನೆರಡು ಅಂಕದ ಎಲೆಗಳಲ್ಲದೆ ಆರು ಮಂದಿ ಆಸ್ಥಾನಿಕರನ್ನು ಸೇರಿಸಿದರು. ಕೆಲವು ಕಟ್ಟುಗಳಲ್ಲಿ ಎಲೆಗಳ ಸಂಖ್ಯೆ 360ಕ್ಕೆ ಮುಟ್ಟಿತು. ನನ್ನ ಊಹೆಯನ್ನು ಊಹೆಯೆಂದೇ ಹೇಳುತ್ತೇನೆ: ರಾಜ್ಯದಲ್ಲಿ ಒಬ್ಬ ಅಮಲ್ದಾರನನ್ನು ನೇಮಿಸುವ ಅಧಿಕಾರವೂ ಇಲ್ಲದಿದ್ದ ದೊರೆ, ಎಲೆಯ ಮೇಲಾದರೂ ತುಂಬಿದ ಆಸ್ಥಾನವೊಂದನ್ನು ಕಟ್ಟಿಕೊಂಡರು.

ಚದುರಂಗದಲ್ಲಿಯೂ ಅವರದು ಇದೇ ಹಟ. ಅರವತ್ನಾಲ್ಕು ಮನೆಗಳಲ್ಲಿ ಕುದುರೆಯೊಂದು ತನ್ನ ಡೊಂಕು ನಡೆಯಿಂದಲೇ ಪ್ರತಿಯೊಂದು ಮನೆಯನ್ನೂ ಒಮ್ಮೆಯೇ ಮೆಟ್ಟಿ ಬರಬೇಕು. ಈ ಸಮಸ್ಯೆ ನಮ್ಮವರಿಗೆ ಹೊಸದಲ್ಲ. ರುದ್ರಟನಂತಹ ಅಲಂಕಾರಿಕರು ಸಾವಿರ ವರ್ಷಕ್ಕೂ ಹಿಂದೆ ಕುದುರೆಯ ನಡೆಯಲ್ಲಿ ಅಕ್ಷರಗಳನ್ನು ಹೊಂದಿಸಿ ಪದ್ಯ ಕಟ್ಟಿದ್ದುಂಟು. ಅದನ್ನು ಇನ್ನೂ ಬಿಗಿ ಮಾಡುವ ಬಗೆಯೊಂದಿದೆ. ಕುದುರೆ ಮೆಟ್ಟಿದ ಮನೆಗಳಿಗೆ ಒಂದು, ಎರಡು, ಮೂರು ಎಂದು ಅಂಕೆ ಬರೆಯುತ್ತ ಹೋಗಿ, ಕಡೆಯಲ್ಲಿ ಯಾವ ಅಡ್ಡಸಾಲನ್ನು ಕೂಡಿಸಿದರೂ, ಯಾವ ಉದ್ದಸಾಲನ್ನು ಕೂಡಿಸಿದರೂ ಮೊತ್ತ 260 ಬರುವಂತೆ ಮಾಡುವುದು. ಓದುಗರಲ್ಲಿ ಬಿಡುವುಳ್ಳವರು ಒಂದು ಸಂಜೆ ಪ್ರಯತ್ನಿಸಿ ನೋಡಬಹುದು. ಬೇಗನೆ ಕೈಚೆಲ್ಲುವರೆಂಬ ಧೈರ್ಯ ನನಗುಂಟು. ಇಂತಹ ಮಾಯಾಚೌಕಗಳನ್ನು ಬಿಡಿಸಿದವರ ಸಾಲಿನಲ್ಲಿ, ಐರೋಪ್ಯರು ಬರೆದ ಚದುರಂಗದ ಗಣಿತದ ಚರಿತ್ರೆಯಲ್ಲಿ, ಮೈಸೂರಿನ ರಾಜರ ಹೆಸರು ಇಂದಿಗೂ ನಿಂತಿದೆ. ರಾಜ್ಯಭಾರಕ್ಕೆ ಅಸಮರ್ಥರೆಂದು ಇಂಗ್ಲಿಷರು ಬದಿಗೆ ಸರಿಸಿದ ತಲೆ ಅದು.

ಅರಮನೆಯಲ್ಲಿ ಇಷ್ಟೆಲ್ಲ ನಡೆಯಿತು. ಅಲ್ಲಿಂದ ಕೆಲವೇ ಮೈಲಿ ದೂರದ ನಮ್ಮ ಹೆಬ್ಬಾಳಕ್ಕೆ ಅದರಲ್ಲಿ ಬಂದು ತಲುಪಿದ್ದೇನು? ಒಂದೆಲೆಯೂ ಇಲ್ಲ. ನಾನು ಹುಡುಗನಾಗಿದ್ದ ಕಾಲಕ್ಕೆ ಹೆಬ್ಬಾಳವು ಮೈಸೂರಿನ ಹೊರಗಿನ ಹಳ್ಳಿ. ಕೆರೆ, ಹೊಲ, ದೇವಸ್ಥಾನದ ಜಗಲಿ. ಜಗಲಿಯ ಕಲ್ಲಿನ ಮೇಲೆ ಇದ್ದಿಲಿನಿಂದಲೋ ಸೀಮೆಸುಣ್ಣದಿಂದಲೋ ಇಪ್ಪತ್ತೈದು ಮನೆಗಳನ್ನು ಗೀಚಿದರೆ ಚೌಕಾಬಾರ ಸಿದ್ಧ. ನಾಲ್ಕು ಕವಡೆಗಳು, ಕವಡೆಯಿಲ್ಲದಿದ್ದರೆ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿದ ಹುಣಸೆಬೀಜಗಳು. ಕಾಯಿಗಳೆಂದರೆ ಬಳೆಚೂರು, ಕಡ್ಡಿ, ಬೆಣಚುಕಲ್ಲು. ಕವಡೆಗಳೆಲ್ಲ ಅಂಗಾತ ಬಿದ್ದರೆ ಚೌಕ, ಎಲ್ಲ ಬೋರಲು ಬಿದ್ದರೆ ಬಾರ. ನಡುಮನೆ ಸೇರಿದ ಕಾಯಿ ಹಣ್ಣಾಯಿತು. ಕಡಿದವನಿಗೂ ಕಡಿಸಿಕೊಂಡವನಿಗೂ ಆ ಹೊತ್ತಿಗೆ ಮಹಾಭಾರತವೇ ನಡೆದುಹೋಗುತ್ತಿತ್ತು. ನಮ್ಮ ಅಜ್ಜಿ ಅಳಗುಳಿಮಣೆಯ ಗುಳಿಗಳಿಂದ ಕಾಳೆತ್ತಿ ಹಂಚುತ್ತಿದ್ದ ವೇಗವನ್ನು ನಾನು ಯಾವ ಬ್ಯಾಂಕಿನ ಗುಮಾಸ್ತರ ಬೆರಳುಗಳಲ್ಲಿಯೂ ಕಂಡಿಲ್ಲ. ಓದುಬರಹ ತಿಳಿಯದ ಆಕೆ, ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುವುದೆಂಬುದನ್ನು ಎಣಿಸದೆಯೇ ಬಲ್ಲಳು.

ಛದದ ಆಟಗಳು ಅರಮನೆಯ ಹೊಸ್ತಿಲನ್ನು ದಾಟಲಿಲ್ಲ. ಅವು ತೀರ ಜಟಿಲವಾಗಿದ್ದವು; 360 ಎಲೆಗಳ ಕಟ್ಟನ್ನು ಚಿತ್ರಗಾರನಿಂದ ಬರೆಸಲು ಹಣ ಬೇಕು, ನೆನಪಿಡಲು ಪಂಡಿತನ ತಲೆ ಬೇಕು, ಆಡಿ ಮುಗಿಸಲು ರಾಜನ ಬಿಡುವು ಬೇಕು. ಮೂರೂ ಒಂದೆಡೆ ಕೂಡುವ ಸ್ಥಳ ಮೈಸೂರಿನಲ್ಲಿ ಒಂದೇ ಇತ್ತು. ಸರಳವಾದ ದಶಾವತಾರದ ಎಲೆಗಳನ್ನೂ ಅಚ್ಚಿನ ಇಸ್ಪೀಟು ಬಂದು ಮೂಲೆಗೆ ನೂಕಿತು. ಹಾಗೆಂದು ಜಗಲಿಯ ಆಟಗಳು ಗೆದ್ದವೆಂದೂ ಹೇಳಲಾರೆ. ಪಗಡೆಯ ಮನೆತನದ ಆಟವನ್ನು ಇಂಗ್ಲೆಂಡಿನವರು ಕೊಂಡುಹೋಗಿ, ಕವಡೆಯ ಬದಲು ಒಂದು ದಾಳವನ್ನಿಟ್ಟು, 1896ರಲ್ಲಿ ಲೂಡೋ ಎಂಬ ಹೆಸರಿನಲ್ಲಿ ಪೇಟೆಂಟು ಪಡೆದರು. ನಮ್ಮ ಪರಮಪದದ ಪಟದಲ್ಲಿ ಹಾವುಗಳು ಪಾಪಗಳು, ಏಣಿಗಳು ಪುಣ್ಯಗಳು, ತುದಿಯಲ್ಲಿ ವೈಕುಂಠ. ಅವರು ವೈಕುಂಠವನ್ನು ತೆಗೆದು ನೂರು ಎಂಬ ಅಂಕೆಯನ್ನು ಬರೆದರು. ಎರಡೂ ರಟ್ಟಿನ ಪೆಟ್ಟಿಗೆಗಳಲ್ಲಿ ತಿರುಗಿ ನಮ್ಮ ಅಂಗಡಿಗಳಿಗೇ ಬಂದವು. ಈಗ ಹೆಬ್ಬಾಳದ ಹೊಲಗಳಿದ್ದಲ್ಲಿ ಕಾರ್ಖಾನೆಗಳೂ ತಂತ್ರಾಂಶದ ಕಂಪನಿಯ ದೊಡ್ಡ ಆವರಣವೂ ಇವೆ. ಆ ರಸ್ತೆಯ ಬಸ್ಸಿನಲ್ಲಿ ಕುಳಿತ ತರುಣರು ಮೊಬೈಲಿನ ಗಾಜಿನ ಮೇಲೆ ಲೂಡೋ ಆಡುತ್ತಿರುತ್ತಾರೆ; ದಾಳವನ್ನು ಯಂತ್ರವೇ ಉರುಳಿಸುತ್ತದೆ, ಎದುರಾಳಿಯ ಮುಖ ಕಾಣದು. ಆಡುವವರ ಸಂತೋಷವನ್ನು ಅಲ್ಲಗಳೆಯಲು ನಾನಾರು? ಆದರೆ ಕವಡೆಯನ್ನು ಅಂಗೈಯಲ್ಲಿ ಕುಲುಕಿ ಬೇಕಾದ ಗರ ಬೀಳುವಂತೆ ಎಸೆಯುವ ಆ ಕಳ್ಳಕೈಯ ಚಮತ್ಕಾರಕ್ಕೆ ಅಲ್ಲಿ ಎಡೆಯಿಲ್ಲ. ನಮಗೆ ಅರ್ಧ ಆಟವೇ ಅದಾಗಿತ್ತು.

ಹೀಗೆ ಅರಮನೆಯ ಆಟ, ಜಗಲಿಯ ಆಟ ಎರಡೂ ಬದಲಾಗುತ್ತಿರುವಾಗ ಉಳಿದುಕೊಂಡಿರುವುದು ಅರಸರು ಬರೆಸಿಟ್ಟ ಪುಟಗಳು, ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಯ ಚಿತ್ರಗಳು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳಲ್ಲಿ ಹಳೆಯ ಮಣೆ, ಹಾಸು, ಕಾಯಿಗಳನ್ನು ಹೊಸದಾಗಿ ಮಾಡಿಸಿ ಜನರ ಮುಂದಿಟ್ಟಿದ್ದಾರೆ. ರಘುಪತಿ ಭಟ್ಟರು ಗಂಜೀಫದ ಚಿತ್ರಕಲೆಗೆ ಮರುಜೀವ ಕೊಟ್ಟರು. ಇವರಿಗೆಲ್ಲ ಮಾದರಿಯಾಗಿ ಒದಗಿದ್ದು ಮುಮ್ಮಡಿಯವರ ಕಾಲದ ಕೆಲಸ. ಅರಸರು ತಮ್ಮ ಆಟಗಳನ್ನು ಬರೆಸಿಟ್ಟರು. ನಮ್ಮ ಅಜ್ಜಿ ತನ್ನದನ್ನು ಬರೆದಿಡಲಿಲ್ಲ, ನಾವೂ ಕೇಳಿ ಬರೆದುಕೊಳ್ಳಲಿಲ್ಲ.

ಮುಮ್ಮಡಿಯವರು ಆಡಿದ ಕೊನೆಯ ಆಟ ಎಲೆಯ ಮೇಲಿನದಲ್ಲ. ಅವರಿಗೆ ಪಟ್ಟಕ್ಕೆ ಬರುವ ಗಂಡುಮಕ್ಕಳಿರಲಿಲ್ಲ. ಅವರು ಕಣ್ಣುಮುಚ್ಚಿದೊಡನೆ ಮೈಸೂರು ತಮ್ಮ ಸಾಮ್ರಾಜ್ಯದಲ್ಲಿ ಸೇರಿಹೋಗಬೇಕೆಂದು ಬಯಸಿದವರು ಕಲ್ಕತ್ತೆಯಲ್ಲಿಯೂ ಲಂಡನ್ನಿನಲ್ಲಿಯೂ ಇದ್ದರು. ಅರಸರು ಮೂವತ್ತು ವರ್ಷಗಳಿಂದ ಅರ್ಜಿಗಳ ಮೇಲೆ ಅರ್ಜಿ ಬರೆಯುತ್ತಲೇ ಬಂದಿದ್ದರು. ಒಂದು ತಿರಸ್ಕೃತವಾದರೆ ಇನ್ನೊಂದು. 1865ರ ಜೂನಿನಲ್ಲಿ, ಸರ್ಕಾರದ ಒಪ್ಪಿಗೆ ಇಲ್ಲದಿದ್ದರೂ, ಮಗಳ ಮಗನಾದ ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಎಪ್ಪತ್ತು ದಾಟಿದ ಮುದುಕರ ಈ ನಡೆಗೆ ಉತ್ತರ ಬರಲು ಎರಡು ವರ್ಷ ಹಿಡಿಯಿತು. 1867ರಲ್ಲಿ ಬ್ರಿಟಿಷ್ ಸರ್ಕಾರವು ದತ್ತನ್ನು ಮನ್ನಿಸಿತು. ಹುಡುಗನು ಪ್ರಾಪ್ತವಯಸ್ಕನಾದ ಮೇಲೆ ರಾಜ್ಯವನ್ನು ಹಿಂದಿರುಗಿಸುವ ಮಾತೂ ಆಯಿತು. 1881ರಲ್ಲಿ ಹಾಗೆಯೇ ನಡೆಯಿತು.

ಅದನ್ನು ನೋಡಲು ಅರಸರು ಉಳಿಯಲಿಲ್ಲ. 1868ರ ಮಾರ್ಚ್ 27ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಮೈಸೂರಿನ ಅರಮನೆಯಲ್ಲಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 23ರಂದು ಚಾಮರಾಜೇಂದ್ರರಿಗೆ ಪಟ್ಟವಾಯಿತು. ಅವರಿಗೂ ಆಗ ಐದು ವರ್ಷ.