ದೇವಸಹಾಯಂ ಪಿಳ್ಳೆ

ತಂಪಾನೂರಿನಿಂದ ರೈಲು ಹತ್ತಿ ನಾಗರಕೋವಿಲಿಗೆ ಹೋದವರು ಅಲ್ಲಿಯ ಕೋಟ್ಟಾರಿನ ಇಗರ್ಜಿಯನ್ನು ಕಂಡಿರಬಹುದು. ಅಲ್ಲಿ ಸಮಾಧಿಸ್ಥರಾಗಿರುವ ದೇವಸಹಾಯಂ ಪಿಳ್ಳೆಯವರು 1712ರಲ್ಲಿ ತಿರುವಾಂಕೂರಿನ ನಟ್ಟಾಲಂ ಗ್ರಾಮದಲ್ಲಿ ಜನಿಸಿ, ನೀಲಕಂಠ ಪಿಳ್ಳೆಯೆಂಬ ಹೆಸರಿನಿಂದ ಬೆಳೆದು, ಮಾರ್ತಾಂಡವರ್ಮ ಮಹಾರಾಜರ ಸೇವೆಯಲ್ಲಿದ್ದರು.

ನಷ್ಟದ ಮೇಲೆ ನಷ್ಟವೊದಗಿ ಅವರು ಎದೆಗುಂದಿದ್ದ ಕಾಲದಲ್ಲಿ, ಡಿ ಲನಾಯ್ ಎಂಬ ಡಚ್ ಸೇನಾನಿಯು ಅವರಿಗೆ ಬೈಬಲಿನ ಯೋಬನ ಕಥೆಯನ್ನು ಹೇಳಿದನು. ಈತನು 1741ರ ಕೊಳಚ್ಚಲ್ ಯುದ್ಧದಲ್ಲಿ ಸೋತು ಸೆರೆಸಿಕ್ಕು, ಮಹಾರಾಜರ ಸೇನೆಯನ್ನೇ ತರಬೇತು ಮಾಡಿದವನು. ಸರ್ವಸ್ವವನ್ನು ಕಳೆದುಕೊಂಡರೂ ದೇವರನ್ನು ಬಿಡದ ಯೋಬನು ಪಿಳ್ಳೆಯವರ ಮನಸ್ಸಿನಲ್ಲಿ ನೆಲೆಸಿದನು. 1745ರಲ್ಲಿ ವಡಕ್ಕನ್‌ಕುಳದಲ್ಲಿ ಅವರು ದೀಕ್ಷಾಸ್ನಾನ ಪಡೆದು, ಲಾಜರ ಎಂಬುದರ ತಮಿಳು ರೂಪವಾದ ದೇವಸಹಾಯಂ ಎಂಬ ಹೆಸರನ್ನು ತಾಳಿದರು.

1749ರಲ್ಲಿ ಅವರ ಬಂಧನವಾಯಿತು. ಉದ್ಯೋಗ ಹೋಯಿತು, ಮಾನ ಹೋಯಿತು. ಕೋಣದ ಮೇಲೆ ಕುಳ್ಳಿರಿಸಿ ಊರೂರು ಮೆರೆಸಿದರು, ಥಳಿಸಿದರು. ಬಾಯಾರಿ ಬಳಲಿದಾಗ ಪುಲಿಯೂರ್ಕುರಿಚ್ಚಿಯ ಬಂಡೆಯಿಂದ ನೀರೊಸರಿತೆಂದು ಭಕ್ತರು ಇಂದಿಗೂ ನಂಬುತ್ತಾರೆ. ಆದರೆ ಸೆರೆಯ ಬಾಗಿಲು ತೆರೆಯಲಿಲ್ಲ. 1752ರ ಜನವರಿ 14ರಂದು ಆರಲ್ವಾಯ್‌ಮೊಳಿಯ ಬೆಟ್ಟದಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಯೋಬನಿಗೆ ಕಳೆದುದೆಲ್ಲವೂ ಇಮ್ಮಡಿಯಾಗಿ ಮರಳಿತು. ಪಿಳ್ಳೆಯವರಿಗೆ ಏನೂ ಮರಳಲಿಲ್ಲ. ಆದರೂ ಅವರು ನಂಬಿದುದನ್ನು ಬಿಡಲಿಲ್ಲ. ಲಾಭವನ್ನೆಣಿಸಿ ನಂಬಿದರೆ ಅದು ವ್ಯಾಪಾರವಾದೀತೇ ಹೊರತು ಭಕ್ತಿಯಾಗದು. ಅವರು ಮಡಿದ 270 ವರ್ಷಗಳ ಬಳಿಕ, 2022ರ ಮೇ 15ರಂದು, ಪೋಪ್ ಫ್ರಾನ್ಸಿಸರು ರೋಮಿನಲ್ಲಿ ಅವರನ್ನು ಸಂತರೆಂದು ಸಾರಿದರು.