ಉದಕಮಂಡಲ ಸಸ್ಯೋದ್ಯಾನದ ನಿರ್ಮಾತೃ ವಿಲಿಯಂ ಗ್ರಹಾಂ ಮೆಕೈವರ್ : ಜೀವನ ಪರಿಚಯ

ಉದಕಮಂಡಲದ ಸರ್ಕಾರಿ ಸಸ್ಯೋದ್ಯಾನವನ್ನು ರೂಪಿಸಿದ ಹಾಗೂ ನೀಲಗಿರಿಯಲ್ಲಿ ಸಿಂಕೋನಾ ಬೇಸಾಯವನ್ನು ನೆಲೆಗೊಳಿಸಿದ ಶ್ರೀ ವಿಲಿಯಂ ಗ್ರಹಾಂ ಮೆಕೈವರ್ ಅವರು ಸ್ಕಾಟ್‌ಲೆಂಡ್ ಮೂಲದ ತೋಟಗಾರರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಿ ಹೊಂದಿದ ಅವರು 1848ರಲ್ಲಿ ಉದಕಮಂಡಲದ ಉದ್ಯಾನದ ಅಧೀಕ್ಷಕರಾಗಿ ಬಂದರು.

ದೊಡ್ಡಬೆಟ್ಟದ ಇಳಿಜಾರಿನಲ್ಲಿ ಉದ್ಯಾನಕ್ಕೆ ದೊರೆತ ಜಾಗದ ಮೇಲ್ಭಾಗವು ಕಡಿದಾದ ಕಾಡು, ಕೆಳಭಾಗವು ಜೌಗು. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ. ಆಮ್ಲಜನಕ ದೊರೆಯದ ಎಳೆಯ ಬೇರುಗಳು ಕೊಳೆಯುತ್ತವೆ. ಸುತ್ತ ನೀರಿದ್ದರೂ ಹೀರಲಾಗದೆ ಸಸಿಯು ಬಾಡುತ್ತದೆ. ಚಳಿಯಲ್ಲಿ ಬೇರಿನ ಕಾರ್ಯವು ಮತ್ತಷ್ಟು ಕುಂದುತ್ತದೆ ಹಾಗೂ ತೇವವು ಬೇಗ ಆರುವುದಿಲ್ಲ. ಇಂತಹ ನೆಲವನ್ನು ಹದಗೊಳಿಸಿ ಉದ್ಯಾನವಾಗಿಸಲು ಅವರಿಗೆ ಸುಮಾರು 10 ವರ್ಷಗಳು ಬೇಕಾದವು.

ಚಳಿಜ್ವರಕ್ಕೆ ಆಗ ಇದ್ದ ಮುಖ್ಯ ಔಷಧವಾದ ಕ್ವಿನೈನ್ ಸಿಂಕೋನಾ ಮರದ ತೊಗಟೆಯಿಂದ ದೊರೆಯುತ್ತಿತ್ತು. 1860ರಲ್ಲಿ ಪೆರು ದೇಶದಿಂದ ತರಲಾದ ಮೊದಲ ಸಸಿಗಳು ದೀರ್ಘ ಪ್ರಯಾಣದಿಂದ ಬಳಲಿ ನಾಶವಾದವು. 1861ರಲ್ಲಿ ಈಕ್ವೆಡಾರ್‌ನಿಂದ ಬಂದ ಕೆಂಪು ತೊಗಟೆಯ ಜಾತಿಯ ಸಸಿಗಳ ಪೋಷಣೆಯ ಹೊಣೆಯು ಮೆಕೈವರ್ ಅವರದಾಯಿತು. ಅವರು ಅವುಗಳನ್ನು ಯಶಸ್ವಿಯಾಗಿ ವೃದ್ಧಿಪಡಿಸಿದರು.

ಸಿಂಕೋನಾ ಮೂಲತಃ ಆಂಡಿಸ್ ಪರ್ವತದ ಇಳಿಜಾರುಗಳ ಮರ. ಬುಡದಲ್ಲಿ ನೀರು ನಿಂತರೆ ಹಾಗೂ ಹಿಮ ಬಿದ್ದರೆ ಸಹಿಸದು. ಚಳಿ ಹೆಚ್ಚಿರುವ ದೊಡ್ಡಬೆಟ್ಟದ ಎತ್ತರವು ಕೆಂಪು ತೊಗಟೆಯ ಜಾತಿಗೆ ಒಗ್ಗಲಿಲ್ಲ. ಉದಕಮಂಡಲದಿಂದ ಗೂಡಲೂರು ಮಾರ್ಗವಾಗಿ ಮೈಸೂರಿಗೆ ಬರುವ ರಸ್ತೆಯಲ್ಲಿ, ಸುಮಾರು 6,000 ಅಡಿ ಎತ್ತರದಲ್ಲಿರುವ ನಡುವಟ್ಟಂನಲ್ಲಿ ಅದು ಹುಲುಸಾಗಿ ಬೆಳೆಯಿತು. ದೊಡ್ಡಬೆಟ್ಟದಲ್ಲಿ ಚಳಿಯನ್ನು ತಾಳಬಲ್ಲ ಬೇರೊಂದು ಜಾತಿಯನ್ನು ಬೆಳೆಸಲಾಯಿತು. ಸಿಂಕೋನಾ ಸಸ್ಯಾಭಿವೃದ್ಧಿ ಮತ್ತು ಬೇಸಾಯ ಕುರಿತ ಅವರ ಪುಸ್ತಕವು 1863ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಅವರು 1876ರಲ್ಲಿ ನಿಧನರಾದರು.

ಸ್ಥಳಕ್ಕೆ ತಕ್ಕ ಜಾತಿಯನ್ನು ಆರಿಸಬೇಕೆಂಬುದೇ ಅವರ ಕಾರ್ಯದಿಂದ ತಿಳಿದುಬರುವ ಪಾಠ. ಸಸಿಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಜಾತಿಯನ್ನು ನಮೂದಿಸುವ ಮೊದಲು ತಮ್ಮ ಜಮೀನಿನಲ್ಲಿ ಮಳೆಗಾಲದ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸತಕ್ಕದ್ದು. ತಂಪು ಗಾಳಿಯು ಭಾರವಾದುದರಿಂದ ತಗ್ಗಿನಲ್ಲಿ ಶೇಖರವಾಗುತ್ತದೆ. ಚಳಿಯನ್ನು ತಾಳದ ಸಸಿಗಳನ್ನು ಅಲ್ಲಿ ನೆಡಬಾರದು. ಗುಂಡಿಯಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆದು ಸಸಿಗಳನ್ನು ಸಂರಕ್ಷಿಸಲು ಕೋರಲಾಗಿದೆ.