ಶಾಲೆ ಮೇಷ್ಟ್ರು ಕೊಟ್ಟ ಚಿನ್ನ: ಸೈಯದ್ ಅಬ್ದುಲ್ ರಹೀಂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ನಮ್ಮ ಹುಡುಗರು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ಫುಟ್‌ಬಾಲ್ ನೋಡಿ ಬರ್ತಾರೆ. ಯುರೋಪಿನ ಕೋಚ್‌ಗಳ ಹೆಸರೆಲ್ಲ ಅವರಿಗೆ ಬಾಯಿಪಾಠ. ಸೈಯದ್ ಅಬ್ದುಲ್ ರಹೀಂ ಯಾರು ಅಂತ ಕೇಳಿದರೆ, 2024ರಲ್ಲಿ ‘ಮೈದಾನ್’ ಸಿನಿಮಾ ನೋಡಿದವರು ಮಾತ್ರ ತಲೆಯಾಡಿಸಿಯಾರು.

ರಹೀಂ ಸಾಹೇಬರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ಶಾಲೆ ಮೇಷ್ಟ್ರಾದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ, 1950ರಲ್ಲಿ ಸಿಟಿ ಪೊಲೀಸ್ ತಂಡದ ಕೋಚ್. ಆ ವರ್ಷದಿಂದ 1954ರ ತನಕ ಮುಂಬೈಯ ರೋವರ್ಸ್ ಕಪ್ ಸಿಟಿ ಪೊಲೀಸ್ ಕೈ ಬಿಟ್ಟು ಹೋಗಲೇ ಇಲ್ಲ. (ಇದೇ ಕಪ್ಪನ್ನು 1937 ಮತ್ತು 1938ರಲ್ಲಿ ಗೆದ್ದದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. ಅದನ್ನೂ ನಾವು ಮರೆತಿದ್ದೇವೆ.)

ದೇಶದ ತಂಡವೂ ಅವರ ಕೈಗೆ ಬಂತು. 1951ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್. ಚಳಿಯ ನಾಡು, ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಯುಗೊಸ್ಲಾವಿಯ ಹತ್ತು ಗೋಲು ಹೊಡೆಯಿತು. ಭಾರತದ ಒಂದೇ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆ ಸೋಲಿನ ನಂತರವೇ ನಮ್ಮಲ್ಲಿ ಬೂಟು ಕಡ್ಡಾಯವಾದದ್ದು.

ಬೇರೆಯವರಾಗಿದ್ದರೆ ಅಲ್ಲಿಗೆ ಮುಗೀತು ಅಂತ ಕೈ ಚೆಲ್ಲುತ್ತಿದ್ದರೋ ಏನೋ. ಮೇಷ್ಟ್ರು ಮಾತ್ರ ಪಾಠವನ್ನು ಮೊದಲಿಂದ ಶುರು ಮಾಡಿದರು. ಬಲಗಾಲಿನವರು ಎಡಗಾಲಲ್ಲೇ ಆಡಬೇಕು ಎಂಬ ಪಂದ್ಯಾವಳಿ ಇಟ್ಟರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬೊಬ್ಬರೇ ಓಡುವ ಚಟ ಬಿಡಿಸಿ, ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ದಾಟಿಸುವುದನ್ನು ಕಲಿಸಿದರು. 1956ರ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿ ನಾಲ್ಕನೇ ಸ್ಥಾನ ಪಡೆದ ತಂಡ ಇವರದೇ. ಮೈಸೂರು ರಾಜ್ಯದ ಕೆಂಪಯ್ಯ ಆ ತಂಡದಲ್ಲಿದ್ದರು.

ಆದರೆ ಅವರ ದೊಡ್ಡ ಪರೀಕ್ಷೆ 1962ರ ಜಕಾರ್ತ. ಇಸ್ರೇಲ್ ಮತ್ತು ತೈವಾನನ್ನು ಹೊರಗಿಟ್ಟದ್ದಕ್ಕೆ ಭಾರತದ ಅಧಿಕಾರಿ ಸೋಂಧಿ ಆಕ್ಷೇಪ ಎತ್ತಿದ್ದರಿಂದ ಊರಿಗೆ ಊರೇ ಭಾರತದ ಮೇಲೆ ಸಿಟ್ಟಾಗಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ ಎದುರು 0-2 ಸೋಲು. ಥಾಯ್ಲೆಂಡ್ ಪಂದ್ಯದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಗಾಯವಾಗಿ ಹೊಲಿಗೆ ಬಿತ್ತು. ಗಾಯಾಳುವನ್ನು ಹೊರಗೆ ಕೂರಿಸುವ ಬದಲು ರಹೀಂ ಅವರನ್ನು ಮುಂದಕ್ಕೆ, ಗೋಲು ಹೊಡೆಯುವ ಜಾಗಕ್ಕೆ ಕಳಿಸಿದರು! ಸೆಮಿಫೈನಲ್‌ನಲ್ಲಿ ಗೋಲ್‌ಕೀಪರ್ ಪ್ರದ್ಯುತ್ ಬರ್ಮನ್. ಫೈನಲ್‌ಗೆ ಮತ್ತೆ ಅದೇ ಕೊರಿಯ ಎದುರಾದಾಗ, ಎತ್ತರದ ಆಳು ಪೀಟರ್ ತಂಗರಾಜ್‌ರನ್ನು ನಿಲ್ಲಿಸಿದರು. ಗೆದ್ದ ಕೀಪರನ್ನು ಕೂರಿಸಿ ಇನ್ನೊಬ್ಬನನ್ನು ಇಳಿಸೋದು ಸಣ್ಣ ಧೈರ್ಯವಲ್ಲ. ಸೋತಿದ್ದರೆ ಜನ ಸುಮ್ಮನೆ ಬಿಡ್ತಿದ್ದರಾ?

ಸೆಪ್ಟೆಂಬರ್ 4. ಕ್ರೀಡಾಂಗಣ ತುಂಬ ಜನ, ಎಲ್ಲರೂ ನಮ್ಮ ವಿರುದ್ಧ. ಪಾಕಿಸ್ತಾನದ ಹಾಕಿ ಆಟಗಾರರು ಮಾತ್ರ ಭಾರತಕ್ಕೆ ಕೂಗಿದರು ಅಂತ ಹೇಳ್ತಾರೆ. 17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ, 20ನೇ ನಿಮಿಷದಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಅದೇ ಜರ್ನೈಲ್. ಕೊನೆಯ ಹೊತ್ತಿಗೆ ಕೊರಿಯ ಒಂದು ಗೋಲು ತಿರುಗಿಸಿತು, ಅಷ್ಟೇ. 2-1. ಆಮೇಲೆ ಇಂದಿನವರೆಗೂ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಭಾರತಕ್ಕೆ ಬಂದಿಲ್ಲ.

ಜಕಾರ್ತದಿಂದ ಬಂದು ವರ್ಷ ತುಂಬುವ ಮೊದಲೇ, 1963ರ ಜೂನ್ 11ರಂದು ರಹೀಂ ಸಾಹೇಬರು ಇಹಲೋಕ ತ್ಯಜಿಸಿದರು. ಶ್ವಾಸಕೋಶದ ಕ್ಯಾನ್ಸರ್. ವಯಸ್ಸು 53. ಕೊನೆಯವರೆಗೂ ಸಿಟಿ ಪೊಲೀಸ್ ಕೋಚ್ ಆಗಿಯೇ ಇದ್ದರು.

ತಂಗರಾಜ್ ಆಟ ಬಿಟ್ಟ ಮೇಲೆ ತಾವೂ ಕೋಚ್ ಆದರು. ಬೊಕಾರೊದಲ್ಲಿ ನೆಲೆಸಿ 2008ರಲ್ಲಿ ತೀರಿಕೊಂಡರು. ರಹೀಂ ಅವರ ಮಗ ಎಸ್.ಎಸ್. ಹಕೀಂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು. ಕೋಚ್ ಸ್ವಂತ ಬಾಪಾನೇ, ಆದರೂ ಅಲ್ಲಿ ಒಂದು ಪಂದ್ಯವೂ ಆಡಲು ಸಿಗಲಿಲ್ಲ! ಮುಂದೆ ರೆಫರಿಯಾಗಿ, ಕೋಚ್ ಆಗಿ ಹೆಸರು ಮಾಡಿದ ಆ ಹಕೀಂ ಸಾಹೇಬರು 2021ರ ಆಗಸ್ಟಿನಲ್ಲಿ ಕೊನೆಯುಸಿರೆಳೆದದ್ದು ನಮ್ಮದೇ ಕಲಬುರಗಿಯಲ್ಲಿ.